ಚೆಲುವಯ್ಯ ಹಳ್ಳವನ್ನು ಫೇಲು ಮಾಡಿಸಿದ್ದು

ಹೊಂಗನೂರಿನಾಚೆಯ ಊರಲ್ಲಿ ಚೆಲುವಯ್ಯ ಎಂದರೆ ದೊಡ್ಡ ಮನುಷ್ಯ. ದೊಡ್ಡತನವೆಲ್ಲ ಅಪ್ಪ ಬಿಟ್ಟುಹೋದ ಹಿಪ್ಪುನೇರಳೆ ತೋಟದ್ದು. ಇವನದೆಂದು ಇದ್ದದ್ದು ಗರಿಗರಿ ಬಿಳಿ ಷರಟು, ಎರಡು ಮೊಬೈಲು ಮತ್ತು ಯಾರ ಮಾತಿನ ನಡುವೆಯೂ ತೂರಿಕೊಳ್ಳುವ ಗಂಟಲು. ರೇಷ್ಮೆಹುಳುವಿಗೆ ಸೊಪ್ಪು ಹಾಕುವುದು ತನ್ನಂಥವನ ಕೆಲಸವಲ್ಲ ಎಂದು ಅದನ್ನು ಅವ್ವ ಚಿಕ್ಕಲಕ್ಷ್ಮಮ್ಮನ ತಲೆಗೆ ಕಟ್ಟಿ, ತಾನು ಚನ್ನಪಟ್ಟಣದ ಹೋಟೆಲುಗಳಲ್ಲಿ ಕಾಫಿ ಕುಡಿದುಕೊಂಡು ಓಡಾಡುತ್ತಿದ್ದ.

ಆ ಓಡಾಟದಲ್ಲೇ ಅವನಿಗೊಂದು ಆಸೆ ಹತ್ತಿತು. ತೋಟದ ತಗ್ಗಿನಲ್ಲಿ, ಹಳ್ಳದ ದಂಡೆಗೇ, ಕಲ್ಯಾಣ ಮಂಟಪ ಕಟ್ಟಬೇಕು. ಮಗಳು ಸೌಮ್ಯಳ ಮದುವೆಯೇ ಅಲ್ಲಿ ಮೊದಲನೆಯದಾಗಬೇಕು, ಬೀಗರು ಮೂಗಿನ ಮೇಲೆ ಬೆರಳಿಡಬೇಕು. ಅಡ್ಡ ಬಂದದ್ದು ಹಳ್ಳ. ನೀರು ಹರಿಯುವ ಜಾಗಗಳಿಗೆ ಸರ್ಕಾರಿ ಕಚೇರಿಯವರು ದರ್ಜೆ ಕಟ್ಟಿದ್ದರು. ದೊಡ್ಡ ಹಳ್ಳವಾದರೆ ಪ್ರಾಥಮಿಕ ದರ್ಜೆ, ಎರಡೂ ದಂಡೆಯಲ್ಲಿ ಅಗಲವಾಗಿ ಜಾಗ ಬಿಡಬೇಕು, ಒಂದು ಇಟ್ಟಿಗೆ ಇಡುವಂತಿಲ್ಲ. ಬರೀ ಮಳೆನೀರಿನ ಕಾಲುವೆಯಾದರೆ ತೃತೀಯ ದರ್ಜೆ, ಒಂದಿಷ್ಟು ಬಿಟ್ಟರೆ ಸಾಕು. ಚೆಲುವಯ್ಯನ ಹಳ್ಳ ಮೊದಲ ದರ್ಜೆಯಲ್ಲಿತ್ತು. ಲೋಕದ ಜನ ಮಕ್ಕಳನ್ನು ಪಾಸು ಮಾಡಿಸಲು ಓಡಾಡಿದರೆ ಈ ಪುಣ್ಯಾತ್ಮ ಹಳ್ಳವನ್ನು ಫೇಲು ಮಾಡಿಸಲು ಓಡಾಡಿದ.

ಕಡೆಗೂ ಒಂದು ಬೇಸಿಗೆಯಲ್ಲಿ ನರೇಂದ್ರ ಎಂಬ ಅಧಿಕಾರಿ ಜಾಗ ನೋಡಲು ಬಂದ. ಹಿಂದಿನ ದಿನವೇ ಚೆಲುವಯ್ಯ ಜೆಸಿಬಿ ತರಿಸಿ ಮೇಲುಗಡೆ ಮಣ್ಣಿನ ಒಡ್ಡು ಹಾಕಿಸಿ ನೀರು ತಡೆದಿದ್ದ. ಅಧಿಕಾರಿ ಆ ಹಸಿ ಒಡ್ಡಿನ ಮೇಲೇ ನಿಂತು ಕೆಳಗಿನ ಒಣ ಮರಳು ನೋಡಿದ. ಒಡ್ಡಿನ ಹಿಂದೆ ತುಂಬಿ ನಿಂತ ನೀರು ಅವನ ಕಣ್ಣಿಗೆ ಬೀಳಲಿಲ್ಲ. ಬೀಳದಂತೆ ನೋಡಿಕೊಳ್ಳುವುದು ಚೆಲುವಯ್ಯನಿಗೆ ಗೊತ್ತಿತ್ತು.

"ಇದು ಹಳ್ಳ ಅಲ್ಲ ಸಾ. ಮಳೆ ಬಂದಾಗ ಒಸಿ ನೀರು ಓಡ್ತೈತೆ, ಅಷ್ಟೆಯ."

"ಜನ ಬಳಸ್ತಾರಾ? ಪೂಜೆ ಗೀಜೆ ಏನಾದ್ರೂ?"

"ಚರಂಡಿಗೆ ಯಾರು ಸಾ ಪೂಜೆ ಮಾಡ್ತಾರೆ?"

ಮಜ್ಜಿಗೆ ಹಿಡಿದು ಬಂದ ಚಿಕ್ಕಲಕ್ಷ್ಮಮ್ಮ ಈ ಮಾತು ಕೇಳಿ ಅಲ್ಲೇ ನಿಂತಳು. ಆ ಊರಲ್ಲಿ ಮದುವೆಯ ಬೆಳಿಗ್ಗೆ ಹೆಂಗಸರು ವಾಲಗದೊಂದಿಗೆ ಹಳ್ಳಕ್ಕೆ ಹೋಗಿ, ಗಂಗೆ ಪೂಜೆ ಮಾಡಿ, ಬಿಂದಿಗೆಯಲ್ಲಿ ನೀರು ತರಬೇಕು. ಆ ನೀರು ಬಾರದೆ ಹೆಣ್ಣು ಹಸೆಮಣೆ ಏರುವುದಿಲ್ಲ. ಚೆಲುವಯ್ಯನ ಮದುವೆಗೆ ಆ ಬಿಂದಿಗೆ ಹೊತ್ತವಳು ಇವಳೇ. ಅವನಿಗೆ ಇದು ಮರೆತಿತ್ತೆಂದಲ್ಲ. ಹೆಂಗಸರ ಶಾಸ್ತ್ರವನ್ನು ಅವನು ಯಾವತ್ತೂ ಲೆಕ್ಕಕ್ಕೆ ಹಿಡಿದವನೇ ಅಲ್ಲ.

ಹಳ್ಳ ಮೂರನೆಯ ದರ್ಜೆಗೆ ಇಳಿಯಿತು. ಮಂಟಪ ಎದ್ದಿತು. ನಾಚಿಕೆಗೆಟ್ಟವನು ಅದಕ್ಕೆ 'ಗಂಗಾತೀರ' ಎಂದು ಬೋರ್ಡು ಹಾಕಿಸಿದ. ಇದು ಹೇಗೂ ಕಾಲುವೆ ತಾನೇ ಎಂದು ಪಂಚಾಯಿತಿಯವರು ಊರಿನ ಬಚ್ಚಲ ನೀರನ್ನೆಲ್ಲ ಅದಕ್ಕೇ ತಿರುಗಿಸಿದರು. ಹಳ್ಳ ಅಂತ ಜಗಳಕ್ಕೆ ಹೋಗಲು ಚೆಲುವಯ್ಯನಿಗೆ ಬಾಯಿ ಎಲ್ಲಿತ್ತು?

ಸೌಮ್ಯಳ ಮದುವೆಯ ಬೆಳಿಗ್ಗೆ ಹೆಂಗಸರು ಬಿಂದಿಗೆ ಹಿಡಿದು ದಂಡೆಗೆ ಬಂದರು. ನೀರು ಕರ್ರಗೆ ನೊರೆಗಟ್ಟಿತ್ತು. ಬೀಗರ ಕಡೆಯವರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಚೆಲುವಯ್ಯ ಬೆವರುತ್ತ ಓಡಿಬಂದ.

"ಊಟಕ್ಕೆ ತರ್ಸಿರೋ ಕ್ಯಾನ್ ನೀರೈತಲ್ಲವ್ವ. ಫಿಲ್ಟರ್ ನೀರು. ಅದುಕ್ಕೇ ಪೂಜೆ ಮಾಡ್ಬುಡಿ."

"ಮಾಡ್ತೀವಿ ಕಣ್ಲಾ ಚೆಲುವ, ಮದ್ವೆ ನಿಲ್ಸಾಕಾಯ್ತದಾ?" ಎಂದಳು ಚಿಕ್ಕಲಕ್ಷ್ಮಮ್ಮ. "ಚರಂಡಿಗೆ ಯಾರು ಪೂಜೆ ಮಾಡ್ತಾರೆ ಅಂತ ಅವತ್ತು ನೀನೇ ಅಂದಿದ್ದೆ. ಆದ್ರೆ ಕ್ಯಾನ್ ಗಂಗೇನ ನಾವು ಹೊರಾಕಿಲ್ಲ. ನೀನೇ ಹೊರು."

ಕ್ಯಾನಿನ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದರು. ವಾಲಗ ಶುರುವಾಯಿತು. ರೇಷ್ಮೆ ಷರಟಿನ ಹೆಗಲ ಮೇಲೆ ಕ್ಯಾನು ಹೊತ್ತುಕೊಂಡು ದೊಡ್ಡ ಮನುಷ್ಯ ವಾಲಗದ ಹಿಂದೆ ನಡೆದ. ಬೀಗರು ಕರವಸ್ತ್ರದೊಳಗೇ ನಗುತ್ತ ದಾರಿ ಬಿಟ್ಟರು. 'ಗಂಗಾತೀರ'ದ ಬಾಗಿಲಲ್ಲಿ ಕಾಯುತ್ತಿದ್ದ ಸೌಮ್ಯ ಅಪ್ಪನನ್ನು ನೋಡಲಾರದೆ ಒಳಗೆ ಹೋದಳು.