ಹದಿನೆಂಟು ಗಣಪತಿ ಕಡುಬು

ನಮಗೆ ಮಕ್ಕಳಾಗಲಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ಎರಡು ಮೂರು ವರ್ಷ, ಶನಿವಾರ ಬೆಳಿಗ್ಗೆ ಮಾತ್ರ, ನನಗೆ ಹದಿನೆಂಟು ಮಕ್ಕಳಿದ್ದರು. ಅಷ್ಟು ಕೊಟ್ಟಿದ್ದಕ್ಕೆ ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

ಯಜಮಾನರು ಸಂಸೆ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಕೂಲಿಯವರ ಲೈನ್ ಮನೆಗಳ ಮಕ್ಕಳು ಓದುವ ಪ್ರೈಮರಿ ಶಾಲೆಗೆ ಇದ್ದವರು ಒಬ್ಬರೇ ಮಾಸ್ಟ್ರು. ಕಾರ್ಯಾನುಭವ ಅಂತ ಒಂದು ಪೀರಿಯಡ್ಡು. ಅದು ಅವರ ಕೈಲಿ ಆಗುತ್ತಿರಲಿಲ್ಲ. "ಅಮ್ಮ, ನಿಮ್ಮ ರಂಗೋಲಿ ನೋಡಿದೀನಿ, ಕಡುಬೂ ತಿಂದಿದೀನಿ. ಬಂದು ಹೇಳ್ಕೊಡಿ" ಅಂದರು. ಹೋದೆ. ಚಿತ್ರ, ಜೇಡಿಮಣ್ಣಿನ ಗೊಂಬೆ, ಒಂದಿಷ್ಟು ಅಡುಗೆ. ಸಂಬಳವಿಲ್ಲ, ಮೇಲಿನವರ ಅಪ್ಪಣೆಯೂ ಇಲ್ಲ.

ಹಾಗಾಗಿ ಶಾಲೆ ಇನ್‌ಸ್ಪೆಕ್ಟರು ಬರುತ್ತಾರೆ ಅಂದಾಗ ಹೆದರಿಕೆಯಾಯಿತು. ಅವರು ಬೇಡ ಅಂದರೆ ನನ್ನ ಶನಿವಾರ ಅಲ್ಲಿಗೆ ಮುಗಿಯಿತು.

"ಕರಕುಶಲ, ಅಡುಗೆ, ಎರಡೂ ಒಂದೇ ಗಂಟೇಲಿ ತೋರ್ಸಿ" ಅಂದರು ಮಾಸ್ಟ್ರು. ಮನೆಯಿಂದ ಕಡುಬಿನ ಹಿಟ್ಟನ್ನು ಕುದಿನೀರಲ್ಲಿ ಉಕ್ಕರಿಸಿ ತಂದು ಮಕ್ಕಳಿಗೆ ಒಂದೊಂದು ಮುಷ್ಟಿ ಕೊಟ್ಟೆ. "ನಿಮಗೆ ಬಂದ ಆಕಾರ ಮಾಡಿ, ಬೇಯಿಸಿ ಸಾಹೇಬ್ರಿಗೆ ಕೊಡೋಣ" ಅಂತ ಹೇಳಿ, ಹಸಿ ಸೌದೆ ಊದುತ್ತ ಕೂತೆ. ಪುಣ್ಯಕ್ಕೆ ಹತ್ತಿಕೊಂಡಿತು. ತಿರುಗಿ ನೋಡಿದರೆ ಬಾಳೆ ಎಲೆಯ ಮೇಲೆ ಹದಿನೆಂಟು ಗಣಪತಿ. ಹಿಂದಿನ ವಾರ, ಚೌತಿ ಅಂತ, ನಾನೇ ಮಣ್ಣಿನಲ್ಲಿ ಕಲಿಸಿದ್ದೆ. ಕೈ ಅದನ್ನೇ ಮಾಡಿತ್ತು. ಸೊಂಡಿಲು, ಹೊಟ್ಟೆ, ಕಾಲ ಬುಡದಲ್ಲಿ ಇಲಿ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲದಕ್ಕೂ ಕುಂಕುಮ ಇಟ್ಟು, ದಾಸವಾಳ ಏರಿಸಿ, ಮಿಕ್ಕವರ ಕೈಲಿ ನಮಸ್ಕಾರವನ್ನೂ ಮಾಡಿಸಿದ್ದಳು.

"ಈಗ ಇವನ್ನ ಬೇಯಿಸೋದಾ ಅಮ್ಮ?" ಅಂದಳು.

ಮಾಸ್ಟ್ರು ಬಂದು ನೋಡಿ, "ಅಕ್ಕಿಹಿಟ್ಟು ತಾನೇ, ಇಡಿ ಒಲೆ ಮೇಲೆ" ಅಂದರು.

"ಪೂಜೆ ಆಗಿದೆ ಮಾಸ್ಟ್ರೆ."

"ಹಾಗಾದ್ರೆ ಹಳ್ಳಕ್ಕೆ ಬಿಡಿ."

"ಬಿಟ್ರೆ ಸಾಹೇಬ್ರಿಗೆ ಏನು ತೋರ್ಸದು?"

ಹಳ್ಳ ಅಂದಿದ್ದೇ ತಡ, ಮಕ್ಕಳು ಮೆರವಣಿಗೆಗೆ ಸಾಲು ನಿಂತು ತಟ್ಟೆ ಬಡಿಯಲು ಶುರು ಮಾಡಿದವು. ಮಾಸ್ಟ್ರು ತಲೆ ಕೆರೆದುಕೊಂಡು, "ಬಿಸಿನೀರಿನ ಅಭಿಷೇಕ ಅಂತ ತಿಳ್ಕೊಳ್ಳಿ ಮಾರಾಯ್ರೆ" ಅಂದರು.

ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡು ಒಂದೊಂದಾಗಿ ಹಬೆಗೆ ಇಟ್ಟೆ. ಪೂರ್ತಿ ಮುಚ್ಚಲು ಮನಸ್ಸು ಬರದೆ ಮುಚ್ಚಳ ಸ್ವಲ್ಪ ಓರೆ ಮಾಡಿದೆ, ಉಸಿರಾಡಲಿ ಅಂತ. ಬೆಂದ ಮೇಲೆ ತಿನ್ನುವುದು ಹೇಗೆ? ಅದಕ್ಕೂ ದೇವರೇ ಬುದ್ಧಿ ಕೊಟ್ಟ. ಮಾಸ್ಟ್ರ ಕೋಣೆಯ ಕ್ಯಾಲೆಂಡರಿನಲ್ಲೂ ಒಬ್ಬ ಗಣಪತಿ ಇದ್ದ. ಈ ಹದಿನೆಂಟನ್ನೂ ಅವನಿಗೆ ನೈವೇದ್ಯ ಮಾಡಿದೆ. ಇನ್ನು ಇದು ಪ್ರಸಾದ. ಬೇಡ ಅನ್ನುವ ಹಾಗಿಲ್ಲ, ಇನ್‌ಸ್ಪೆಕ್ಟರಾದರೂ ಸರಿ.

ಸಾಹೇಬರು ಹಸಿದೇ ಜೀಪಿನಿಂದ ಇಳಿದರು. ತಟ್ಟೆ ಮುಂದಿಟ್ಟಾಗ ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿಂದ ಶುರು ಮಾಡ್ಲಿ ಅಮ್ಮ?"

"ಪ್ರಸಾದ ಸಾರ್, ಎಲ್ಲಿಂದಾದ್ರೂ ಆಗ್ತದೆ."

ಸೊಂಡಿಲು ಹಿಡಿದು ಬಿಟ್ಟರು, ಕಿವಿ ಹಿಡಿದು ಬಿಟ್ಟರು. ಹದಿನೆಂಟು ಮಕ್ಕಳು ರೆಪ್ಪೆ ಬಡಿಯದೆ ನೋಡುತ್ತಿದ್ದವು. ಕೊನೆಗೆ ಇಲಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡು, "ಉಪ್ಪು ಸರಿಯಾಗಿದೆ" ಅಂದರು. ಪಕ್ಕದ ತಟ್ಟೆಯ ಇಲಿಯನ್ನೂ ಕೇಳಿದರು. ಹೀಗೆ ಏಳು ಇಲಿ ತಿಂದರು. ಹೊಟ್ಟೆಗೆ ಅಷ್ಟಾದರೂ ಬಿತ್ತಲ್ಲ ಅಂತ ನನಗೆ ಸಮಾಧಾನ.

ಆಮೇಲೆ ಶಾಲೆಯ ಪುಸ್ತಕದಲ್ಲಿ ಬರೆದರು: "ಶನಿವಾರದ ಪಾಠ ಮುಂದುವರಿಯಲಿ. ಕಡುಬನ್ನು ಗುಂಡಗೆ ಮಾಡಿಸುವುದು."

ಎರಡು ಸಲ ಓದಿ, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಸಾಹೇಬರು ತಮ್ಮ ಪಾಲಿನ ಗಣಪತಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಜೀಪಿನ ಮುಂದಿನ ಸೀಟಿನಲ್ಲಿ ಇಟ್ಟರು. ತಾವು ಹಿಂದೆ ಕೂತರು. ಡ್ರೈವರ್ ಚಪ್ಪಲಿ ಕಳಚಿ ಹತ್ತಿದ.

ಮುಂದಿನ ಶನಿವಾರ ಅಪ್ಪಣೆಯಂತೆ ಉಂಡೆ ಕಡುಬು. ಬರೀ ಗುಂಡಗೆ. ಒಲೆ ಹೊತ್ತಿಸಿ ತಿರುಗಿದರೆ ಅದೇ ಹುಡುಗಿ, ಕೈಯಲ್ಲಿ ವಿಭೂತಿ ಗಟ್ಟಿ, ಉಂಡೆಗಳ ಮೇಲೆಲ್ಲ ಮೂರು ಪಟ್ಟೆ.

"ಇದು ಈಶ್ವರ ಅಮ್ಮ. ಬೇಯಿಸಬಹುದಾ?"

"ಮಾಸ್ಟ್ರೆ, ಕ್ಯಾಲೆಂಡರ್ ತನ್ನಿ" ಅಂದೆ.