ಪಾವಿನೊಳಗಿನ ಹೆಬ್ಬೆಟ್ಟು

ಮೊನ್ನೆ ಮಧ್ಯಾಹ್ನ ನನ್ನ ಮೊಮ್ಮಗನ ಮಗಳು ನರ್ಸರಿಯಿಂದ ಬಂದವಳು ಬಾಗಿಲಲ್ಲೇ ಕೂತು ಬೂಟು ಬಿಚ್ಚಿ ಕೊಡವಿದಳು. ಆಗಷ್ಟೇ ಒರೆಸಿದ ನೆಲದ ಮೇಲೆ ಒಂದು ಹಿಡಿ ಮರಳು ಬಿತ್ತು. ನೀರು ಕುಡಿದು ಅರ್ಧ ಒಣಗಿದ ಮರಳಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಹೊಸ ಮಡಕೆಯ ವಾಸನೆಯ ತಂಗಿ ಅದು. ಅದು ಮೂಗಿಗೆ ಬಡಿದಾಗಲೂ ನನಗೆ ಏನೂ ನೆನಪಾಗಲಿಲ್ಲ, ಸಿಟ್ಟು ಮಾತ್ರ ಬಂತು.

"ಇವತ್ತು ಏನೇ ಕಲ್ಸಿದ್ರು?"

"ಮರಳಲ್ಲಿ ಆಡಿದ್ವಿ."

ಮೊಮ್ಮಗ ಪಕ್ಕದಲ್ಲೇ ಇದ್ದ. "ಅಲ್ಲಪ್ಪಾ, ಇಷ್ಟು ಫೀಸು ಸುರಿದು ಮರಳಾಟಕ್ಕೆ ಕಳಿಸ್ತೀಯಲ್ಲ, ಮನೆ ಮುಂದೆ ಒಂದು ಲೋಡು ಮರಳು ಹಾಕಿಸಿದ್ದರೆ ಮೂರು ತಲೆಮಾರು ಆಡಿಕೊಂಡಿರ್ತಿತ್ತು!" ಎಂದೆ. ಎಂದವಳು ನಾಲಿಗೆ ಕಚ್ಚಿಕೊಂಡೆ. ಆ ಮಾತು ನನ್ನದಾಗಿರಲಿಲ್ಲ. ಎಪ್ಪತ್ತೈದು ವರ್ಷಕ್ಕೂ ಹಿಂದೆ ಇದೇ ಹೊಸೂರಿನಲ್ಲಿ ನನ್ನಜ್ಜಿ ಆಡಿದ ಮಾತು ಅದು. ಲೋಡಿನ ಬದಲು ಗಾಡಿ ಎಂದಿದ್ದಳು, ಅಷ್ಟೇ ವ್ಯತ್ಯಾಸ.

ನನ್ನ ವಿಚಾರ ಒಂದಿಷ್ಟು ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನ ಪಕ್ಕ ಒಂದು ಗೋಣಿ ಹಾಸಿ ಕಾಳು ಮಾರಲು ಕೂತವಳು ನಾನು. ಈಗ ನಮ್ಮದೊಂದು ದಿನಸಿ ಮಂಡಿ ಇದೆ. ಲಾರಿಯವರ ಜೊತೆ, ಛತ್ರದವರ ಜೊತೆ, ಒಮ್ಮೆ ನನ್ನ ಹಲ್ಲು ಕೀಳುತ್ತಿದ್ದ ಡಾಕ್ಟರ ಜೊತೆಗೂ ಬಾಯಿ ತೆರೆದುಕೊಂಡೇ ಚೌಕಾಸಿ ಮಾಡಿದ್ದೇನೆ. ಎಲ್ಲಿ ಕಲಿತಿರಿ ಇದನ್ನೆಲ್ಲ ಎಂದು ಕೇಳುವವರಿಗೆ "ಶಿಶುವಿಹಾರದಲ್ಲಿ" ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ, ನಗುವವರು ಬೇಗ ರೇಟಿಗೆ ಬರುತ್ತಾರೆ. ಅಂದ ಹಾಗೆ ನರ್ಸರಿ ಫೀಸಿಗೂ ಚೌಕಾಸಿ ಮಾಡಬಹುದು, ಯಾರೂ ಮಾಡುವುದಿಲ್ಲ. ಒಮ್ಮೆ ಕೇಳಿ ನೋಡಿ.

ಆಗ ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಇನ್ನೂ ಫ್ಯಾಕ್ಟರಿಯ ಸುಳಿವಿರಲಿಲ್ಲ, ಹುರುಳಿ ಹೊಲಗಳಿದ್ದವು. ಅವುಗಳ ನಡುವೆ ನಮ್ಮ ಮನೆ. ಬೆಂಗಳೂರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿತು ಬಂದಿದ್ದ ಒಬ್ಬ ಹೆಂಗಸು ಹೊಸೂರಿನ ಕೆರೆಯ ಕಡೆ, ಹೊಂಗೆ ಮರದ ಕೆಳಗೆ ಒಂದು ಶಿಶುವಿಹಾರ ತೆರೆದಿದ್ದರು. ನಮಗೆಲ್ಲ ಅವರು ಟೀಚರಮ್ಮ. ಊರಿನವರು ಅದನ್ನು ಶಿಶುವಿಹಾರ ಎಂದದ್ದನ್ನು ನಾನು ಕೇಳಿಯೇ ಇಲ್ಲ; "ಆಟದ ಇಸ್ಕೂಲು" ಎನ್ನುತ್ತಿದ್ದರು, ಮೂಗು ಮುರಿದುಕೊಂಡು. ಗಾಡಿ ಹಗ್ಗದ ಉಯ್ಯಾಲೆ, ಒಂದು ಮರಳ ಗುಡ್ಡೆ, ತೆಂಗಿನ ಚಿಪ್ಪು, ಹುಣಸೆಬೀಜ, ಜೇಡಿಮಣ್ಣು, ಬಾಯಿ ಒಡೆದ ಮಡಕೆಗಳು. ಸ್ಲೇಟು ಇರಲಿಲ್ಲ, ಬೆತ್ತವಂತೂ ಇಲ್ಲವೇ ಇಲ್ಲ. ಟೀಚರಮ್ಮನನ್ನು ಏನು ಕೇಳಿದರೂ ಉತ್ತರ ಸಿಗುತ್ತಿರಲಿಲ್ಲ. "ಹೌದಾ? ಯಾಕಿರಬಹುದು? ನೋಡೋಣ್ವಾ?" ಎಂದು ತಿರುಗಿ ಕೇಳುತ್ತಿದ್ದರು. ಒಳ್ಳೆಯ ದಲ್ಲಾಳಿಗಳೂ ಹಾಗೇ ಮಾಡುತ್ತಾರೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನನ್ನಜ್ಜಿ ಸಂತೆಯಿಂದ ಸಂತೆಗೆ ಹುರುಳಿ, ಅವರೆಕಾಳು ಮಾರುವವಳು. ತಮ್ಮ ಹುಟ್ಟಿದಾಗ ಅಮ್ಮನ ಕಾಲಿಗೆ ನಾನು ತೊಡರುತ್ತೇನೆಂದು ನನ್ನನ್ನು ಅಲ್ಲಿ ಬಿಟ್ಟುಬಂದವಳೂ ಅವಳೇ. ಫೀಸು ತಿಂಗಳಿಗೆ ಒಂದು ಸೇರು ಹುರುಳಿ. ಆರು ತಿಂಗಳಾದ ಮೇಲೆ ಅವಳಿಗೆ ಆ ಹುರುಳಿಯ ಮೇಲೆ ಮನಸ್ಸು ತಿರುಗಿತು.

"ಏನೇ ಕಲ್ತೆ ಇಷ್ಟ್ ದಿನ?"

"ಮರ್ಳಲ್ಲಿ ಆಡುದ್ವಿ."

"ಮರ್ಳಲ್ಲಿ ಆಡಕ್ಕೆ ಸೇರ್ ಹುಳ್ಳಿನಾ? ಮನೆ ಮುಂದ್ಕೆ ಒಂದ್ ಗಾಡಿ ಸುರ್ಸಿದ್ರೆ ಮೂರು ತಲೆಮಾರು ಆಡ್ಕೊಂಡಿರ್ತಿತ್ತು. ನೋಡೇ, ಬರೋ ಸಂತೆ ಒಳ್ಗೆ ಒಂದಾದ್ರೂ ಪ್ರಯೋಜ್ನದ ವಿದ್ಯೆ ತೋರ್ಸು. ಇಲ್ದಿದ್ರೆ ಸಂತೆ ಮಾರ್ನೆ ದಿನದಿಂದ ಮನೇಲಿದ್ದು ತಮ್ಮುನ್ ತೊಟ್ಲು ತೂಗು."

ನನ್ನ ತಮ್ಮ ಈಗ ದೊಡ್ಡ ಮನುಷ್ಯ, ಬೇಜಾರು ಮಾಡಿಕೊಳ್ಳಬಾರದು. ಆದರೆ ಆ ಕಾಲದಲ್ಲಿ ಕೋಳಿ ಕೂಗುವಾಗ ಅಳಲು ಶುರುಮಾಡಿದರೆ ದೀಪ ಹಚ್ಚುವವರೆಗೆ ಅದೇ ಅವನ ಕಸುಬು. ಉಯ್ಯಾಲೆಯಿಂದ ತೊಟ್ಟಿಲಿಗೆ ಬೀಳುವುದೆಂದರೆ ಏನೆಂದು ನೀವೇ ಲೆಕ್ಕ ಹಾಕಿ.

ಆ ವಾರವೆಲ್ಲ ನಾನು ವಿದ್ಯೆ ತೋರಿಸಿದ್ದೇ ತೋರಿಸಿದ್ದು. ಜೇಡಿಮಣ್ಣಿನ ಆನೆ ಮಾಡಿ ಒಯ್ದೆ. ಅಜ್ಜಿ ತಿರುಗಿಸಿ ನೋಡಿ, "ಹಂದಿ ಪರವಾಗಿಲ್ಲ, ಮೂತಿ ಉದ್ದ ಆಯ್ತು" ಎಂದಳು. ಕಪ್ಪೆಯ ಹಾಡು ಹೇಳಿ ಅಂಗಳದ ತುಂಬ ಕುಪ್ಪಳಿಸಿದೆ. "ಇದುನ್ನ ಕಲ್ಸಕ್ಕೆ ಆಯಮ್ಮ ಬೆಂಗ್ಳೂರ್ಗೆ ಹೋಗಿ ಓದ್ಕೊಂಡ್ ಬಂದ್ಲಾ? ನಮ್ ಕೆರೆ ಕಪ್ಪೆಗ್ಳು ಬಿಟ್ಟಿ ಕಲ್ಸ್ತಿದ್ವಲ್ಲೇ" ಎಂದಳು. ಸಂತೆಗೆ ಎರಡು ದಿನ ಉಳಿಯಿತು.

ಆವತ್ತು ಟೀಚರಮ್ಮ ನಮಗೆ ಅಂಗಡಿ ಆಟ ಹೂಡಿದರು. ಮರಳೇ ಕಾಳು. ಕಾಲು ಸೇರಿನ ಒಂದು ತಗಡಿನ ಪಾವು, ಒಂದು ಸೇರು ಹಿಡಿಯುವ ಸಣ್ಣ ಮಡಕೆ. ಒಬ್ಬೊಬ್ಬರೇ ಪಾವಿನಲ್ಲಿ ಅಳೆದು ಮಡಕೆ ತುಂಬಿಸಬೇಕು. ಕಾಳು ಅಳೆಯುವಾಗ ನಮ್ಮ ಕಡೆ ಯಾರೂ ಒಂದು ಎನ್ನುವುದಿಲ್ಲ, "ಲಾಭ" ಎಂದು ಶುರುಮಾಡಿ ಎರಡು, ಮೂರು ಎಂದು ಹೋಗುತ್ತಾರೆ. ನಮ್ಮಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ಇದ್ದೆವು. ಲಾಭಕ್ಕೆ ಮಾತ್ರ ಎಲ್ಲರೂ ಒಂದೇ ಬಾಯಿ, ಆಮೇಲೆ ಮೂರು ದಾರಿ. ನನ್ನ ಜೊತೆಯ ಯಲ್ಲಮ್ಮನಿಗೆ ನಾಲ್ಕು ಪಾವಿಗೆ ಮಡಕೆ ತುಂಬಿತು. ತಮಿಳಿನ ಸೆಲ್ವಿಗೂ ನಾಲ್ಕು. ನಾನು ಅಳೆದೆ. ನಾಲ್ಕಕ್ಕೆ ತುಂಬಲಿಲ್ಲ, ಐದನೆಯದೂ ಬೇಕಾಯಿತು.

"ಮಡ್ಕೆ ಇವ್ಳ್ನ ಕಂಡು ದೊಡ್ಡದಾಗ್ಬುಡ್ತು" ಎಂದಳು ಯಲ್ಲಮ್ಮ. ಮಡಕೆಯೊಳಗೆ ದೆವ್ವ ಇದೆ ಎಂದಳು ಸೆಲ್ವಿ.

"ಹೌದಾ? ನೋಡೋಣ್ವಾ?" ಎಂದರು ಟೀಚರಮ್ಮ.

ಮಡಕೆ ಬದಲಾಯಿಸಿದೆವು. ಅವರಿಗೆ ನಾಲ್ಕು, ನನಗೆ ಐದು. ಪಾವು ಬದಲಾಯಿಸಿದೆವು. ಆಗಲೂ ಐದು. ಇನ್ನು ಬದಲಾಯಿಸಲು ಉಳಿದವಳು ನಾನೊಬ್ಬಳೇ. ಎಲ್ಲರೂ ನನ್ನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿದರು. ಕೊನೆಗೆ ಸೆಲ್ವಿ ಮರಳ ಮೇಲೆ ಕೆನ್ನೆಯಿಟ್ಟು ಮಲಗಿ, ನಾನು ಇನ್ನೊಮ್ಮೆ ಅಳೆಯುವುದನ್ನು ಕೆಳಗಿನಿಂದ ನೋಡಿ, ತಮಿಳಿನಲ್ಲಿ ಕಿರುಚಿದಳು: "ಕಟ್ಟೆವಿರಲ್! ಕಟ್ಟೆವಿರಲ್ ಉಳ್ಳೆ ಇರುಕ್ಕು!"

ನನ್ನ ಹೆಬ್ಬೆಟ್ಟು ಪಾವಿನ ಒಳಗಿತ್ತು. ಅದನ್ನು ಹೊರಗೆ ತೆಗೆದು ಅಳೆದೆ. ನಾಲ್ಕು!

ನಾನು ಮೋಸ ಮಾಡಿದೆ ಎಂದುಕೊಳ್ಳಬೇಡಿ. ಪಾವು ಹಿಡಿಯುವುದೇ ಹಾಗೆ ಎಂದು ತಿಳಿದಿದ್ದೆ. "ಹೀಗೆ ಹಿಡಿಯೋದು ಯಾರು ಹೇಳ್ಕೊಟ್ರು ಪುಟ್ಟಾ?" ಎಂದು ಟೀಚರಮ್ಮ ಕೇಳಿದರು. "ನಮ್ಮಜ್ಜಿ ಹಿಂಗೇ ಹಿಡಿಯೋದು" ಎಂದೆ, ಜಂಬದಿಂದ. ಟೀಚರಮ್ಮ ಥಟ್ಟನೆ ಮುಖ ತಿರುಗಿಸಿ ಬಹಳ ಹೊತ್ತು ಹೊಂಗೆ ಮರವನ್ನೇ ನೋಡಿದರು. ಅವರ ಬೆನ್ನು ಅಲುಗುತ್ತಿತ್ತು. ಪ್ರತಿ ತಿಂಗಳು ಫೀಸಿನ ಹುರುಳಿಯನ್ನು ಅಳೆದುಕೊಡುತ್ತಿದ್ದವಳು ನಮ್ಮಜ್ಜಿಯೇ ಅಲ್ಲವೇ!

ನನಗೋ ಹಿಡಿಸಲಾರದಷ್ಟು ಸಂತೋಷ. ಪ್ರಯೋಜನದ ವಿದ್ಯೆ ಎಂದರೆ ಇದಕ್ಕಿಂತ ಇನ್ನೇನು?

ಸಂತೆಯ ದಿನ ಬಂತು. ನಸುಕಿನಲ್ಲೇ ಅಜ್ಜಿ ಎಂದಿನಂತೆ ಮೂಟೆಯ ಬಾಯಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಜೊತೆಗೆ ಹೊರಡಲು ನಾನು ತಡಮಾಡಿದೆನೆಂದು ಕೆನ್ನೆ ಚಿವುಟಿದಳು. ಅವಳು ಚಿವುಟಿದರೆ ಮಧ್ಯಾಹ್ನದವರೆಗೂ ಉರಿಯುತ್ತಿತ್ತು. ಸಂತೆಯಲ್ಲಿ ಮೊದಲ ಗಿರಾಕಿ ರಾಯಕೋಟೆ ಕಡೆಯ ಒಬ್ಬ ಎತ್ತರದ ಹೆಂಗಸು, ಎರಡು ಸೇರು ಹುರುಳಿ ಕೇಳಿದಳು. ಅಜ್ಜಿ ಪಾವು ಎತ್ತಿಕೊಂಡು ರಾಗವಾಗಿ ಶುರುಮಾಡಿದಳು: "ಲಾ...ಭ, ಎರಡೂ..."

ನಾನು ಮೂಟೆಯ ಮೇಲೆ ಎದ್ದುನಿಂತೆ.

"ಅಜ್ಜೀ, ನಾನು ಕಲ್ತಿರೋದ್ ಹೇಳ್ತೀನಿ! ನಿನ್ ಹೆಬ್ಬೆಟ್ಟು ಒಳಗದೆ! ಅದು ಒಳಗಿದ್ರೆ ಸೇರ್ಗೆ ಐದು ಪಾವು ಬೇಕು! ಈಚೆಗ್ ತೆಗುದ್ರೆ ನಾಕೇ ಸಾಕು!"

ಅಕ್ಕಪಕ್ಕದ ನಾಲ್ಕು ಅಂಗಡಿಗಳಲ್ಲಿ ಅಳೆಯುತ್ತಿದ್ದ ಕೈಗಳೆಲ್ಲ ನಿಂತವು. ಎಷ್ಟು ಹೆಬ್ಬೆಟ್ಟುಗಳು ಆ ಗಳಿಗೆಯಲ್ಲಿ ಮೆಲ್ಲಗೆ ಹೊರಬಂದವೋ ದೇವರಿಗೇ ಗೊತ್ತು.

"ಏನಮ್ಮೋ, ಮಗ ಏನೋ ಹೇಳ್ತದೆ?" ಎಂದಳು ರಾಯಕೋಟೆಯವಳು, ಸೊಂಟದ ಮೇಲೆ ಕೈಯಿಟ್ಟು.

"ಹೆಬ್ಬೆಟ್ಟು ಬಾತದೆ ಕಣವ್ವ, ನೆಟ್ಟಗಾಗಾಕಿಲ್ಲ" ಎಂದಳು ಅಜ್ಜಿ.

"ಸುಳ್ಳು! ಬೆಳಿಗ್ಗೆ ನನ್ ಕೆನ್ನೆ ಚಿವುಟುದ್ಲು, ನೋಡಿ ಬೇಕಾರೆ!" ಎಂದು ನಾನು ಕೆನ್ನೆ ತೋರಿಸಿದೆ. ಸಂತೆಗೆ ಸಂತೆಯೇ ನಕ್ಕಿತು.

"ಹಂಗಾರೆ ಎಡ್ಗೈಲಿ ಅಳಿಯವ್ವ" ಎಂದಳು ಆಕೆ. ಅಜ್ಜಿ ಪಾವನ್ನು ಎಡಗೈಗೆ ದಾಟಿಸಿ, ಹಲ್ಲು ಕಡಿಯುತ್ತ, ಮೊದಲಿನಿಂದ ಅಳೆದಳು.

ನನ್ನ ಮಾತು ಕೇಳಿ: ವ್ಯಾಪಾರದಲ್ಲಿ ಮಾನ ಹೋದ ಕ್ಷಣದಲ್ಲಿ ಓಡಿಹೋಗಬೇಡಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಅಜ್ಜಿ ಕೂತಳು. ಸುದ್ದಿ ಹಬ್ಬಿತು. "ಆ ಮಗ ಕುಂತಿರೋ ಕಡೆ ತಗೊಳ್ಳಿ, ಅದು ಕಾವಲು ಕಾಯ್ತದೆ" ಎಂದು ಜನ ಬಂದರು. ಹೊತ್ತು ನೆತ್ತಿಗೆ ಬರುವ ಮೊದಲೇ ಮೂಟೆ ಖಾಲಿ! ನಾನು ಏಟಿಗೆ ಕಾಯುತ್ತಿದ್ದೆ. ಅಜ್ಜಿ ನನ್ನ ಮಡಿಲಿಗೆ ಕಳ್ಳೆಪುರಿ ಸುರಿದಳು. ನನಗೆ ಏಟಿಗಿಂತ ಅದೇ ಭಯವಾಯಿತು.

"ನಾಳಿಂದ ಇಸ್ಕೂಲು ಬ್ಯಾಡ" ಎಂದಳು. "ತೊಟ್ಲೂ ಬ್ಯಾಡ. ನನ್ ಜತೆ ಬಾ. ಸೂಳಗಿರಿ ಸಂತೆ, ರಾಯಕೋಟೆ ಸಂತೆ, ಎಲ್ಲಾ ಸಂತೆ."

ನೋಡಿದಿರಾ? ಗೆದ್ದದ್ದೇ ಸೋಲಾಯಿತು.

"ಇಸ್ಕೂಲ್ಗೂ ಹೋಗ್ತೀನಿ" ಎಂದೆ.

"ಕಲಿಯೋದ್ ಕಲ್ತಾಯ್ತಲ್ಲೇ!"

"ಹೆಬ್ಬೆಟ್ಟು ಒಂದೇ ಆಗಿರೋದು. ಇನ್ನೂ ಒಂಬತ್ತು ಬೆರಳವೆ."

ಅಜ್ಜಿ ನನ್ನನ್ನು ಹೊಸದಾಗಿ ನೋಡಿದಳು, ಸಂತೆಯಲ್ಲಿ ಎದುರು ಕೂತ ವ್ಯಾಪಾರಿಯನ್ನು ನೋಡುವ ಹಾಗೆ. ವಾರಕ್ಕೆ ಮೂರು ಸಂತೆ ಎಂದಳು. ನಾನು ಒಂದು ಎಂದೆ. ಎರಡು ಎಂದಳು. ನಾನು ಕಳ್ಳೆಪುರಿಯನ್ನು ಗೋಣಿಯ ಮೇಲೆ ಸುರಿದು ಎದ್ದು ನಡೆದೆ. ಇದನ್ನು ಯಾರು ಹೇಳಿಕೊಟ್ಟರೋ ತಿಳಿಯದು. ಗಿರಾಕಿಗಳು ಹಾಗೆ ಹೋಗುವುದನ್ನು ನೋಡಿದ್ದೆನೇನೋ. ನಿಮಗೂ ಹೇಳುತ್ತೇನೆ, ನಡೆಯುವಾಗ ತಿರುಗಿ ನೋಡಬಾರದು, ಹೆಜ್ಜೆ ಜೋರಾಗಿಯೂ ಇರಬಾರದು. ಏಳನೆಯ ಹೆಜ್ಜೆಗೆ ಅಜ್ಜಿ ಕೂಗಿದಳು.

"ಆಯ್ತು ಬಾರೇ! ಹೊಸೂರು ಸಂತೆ ಒಂದೇ. ನನ್ಗೇನ್ ಸಿಗ್ತದೆ ಅದ್ರಿಂದ?"

"ನೀನು ಬೆಲ್ಲ ತಗೊಳ್ವಾಗ ಬೆಲ್ಲದೋನ್ ಕೈ ನೋಡ್ತೀನಿ."

ಅಷ್ಟಕ್ಕೆ ಕುದುರಿತು. ನನ್ನ ಜೀವಮಾನದ ಮೊದಲ ವ್ಯಾಪಾರ ಅದು, ನನಗಿನ್ನೂ ಐದು ವರ್ಷ ತುಂಬಿರಲಿಲ್ಲ. ಮುಂದಿನ ತಿಂಗಳ ಫೀಸನ್ನು ಅಜ್ಜಿ ಎಡಗೈಯಲ್ಲೇ ಅಳೆದುಕೊಟ್ಟಳು. ಟೀಚರಮ್ಮ ಮತ್ತೆ ಹೊಂಗೆ ಮರ ನೋಡಿದರು. ಆಮೇಲೆ ಸಾಯುವವರೆಗೂ ಅಜ್ಜಿ ಎಡಗೈಯಲ್ಲೇ ಅಳೆದಳು. ನನ್ನ ಮೇಲಿನ ಮುನಿಸು ಎಂದುಕೊಂಡಿದ್ದೆ. ಈ ಕಥೆಯನ್ನು ಮದುವೆಮನೆಗಳಲ್ಲಿ, ಮಂಡಿಯಲ್ಲಿ, ಬಸ್ಸಿನಲ್ಲಿ ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ! "ಬಾತದೆ ಕಣವ್ವ" ಎನ್ನುವಲ್ಲಿ ಅಜ್ಜಿಯ ದನಿಯನ್ನೇ ತೆಗೆಯುತ್ತೇನೆ. ಅಲ್ಲಿ ಯಾರೂ ನಗದೆ ಉಳಿದದ್ದಿಲ್ಲ.

ಮೊನ್ನೆ ಇದೆಲ್ಲ ನೆನಪಾಗಿ, ಬೈದದ್ದಕ್ಕೆ ತಪ್ಪುಕಾಣಿಕೆ ಎಂಬಂತೆ, ಅಟ್ಟದಿಂದ ಅಜ್ಜಿಯ ಹಿತ್ತಾಳೆ ಪಾವನ್ನು ಇಳಿಸಿ ತರಿಸಿದೆ. ಬೂಟಿನ ಮರಳು ಸಾಲದು, ಅಕ್ಕಿ ಡಬ್ಬ ಎಳೆದುಕೊಂಡೆ, ಒಂದು ಪಾತ್ರೆ ಇಟ್ಟೆ. ಮಗು ಅಳೆಯಿತು. "ಒನ್" ಎಂದಿತು. "ಒನ್ ಅಲ್ಲ ಕಣೇ, ಲಾಭ" ಎಂದೆ. ನಾಲ್ಕಕ್ಕೆ ಪಾತ್ರೆ ತುಂಬಿತು. "ಈಗ ನೀನು, ಮುತ್ತಜ್ಜಿ" ಎಂದಿತು.

ನಾನು ಅಳೆದೆ. ನಾಲ್ಕಾಯಿತು. ಪಾತ್ರೆ ತುಂಬಲಿಲ್ಲ.

ಮಗು ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಸೆಲ್ವಿ ನೋಡಿದ ಹಾಗೆಯೇ ಕೆಳಗಿನಿಂದ ನೋಡಿತು. "ಮುತ್ತಜ್ಜಿ, ನಿನ್ನ ಥಂಬ್ ಒಳಗಿದೆ!"

ತೆಗೆಯಲು ಹೋದೆ. ಬರಲಿಲ್ಲ. ಎರಡು ಚಳಿಗಾಲದಿಂದ ಈ ಗೆಣ್ಣು ಗಂಟುಕಟ್ಟಿಕೊಂಡಿದೆ. ಅಳತೆಗೆಲ್ಲ ತೂಕದ ಮಿಷನ್ನು ಬಂದ ಮೇಲೆ ನಾನು ಪಾವು ಹಿಡಿದಿರಲಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. "ಬಾತಿದೆ ಕಣೇ, ನೆಟ್ಟಗಾಗಲ್ಲ" ಎಂದೆ.

ಎಂದವಳು ಪಾವಿನೊಳಗಿನ ಹೆಬ್ಬೆಟ್ಟನ್ನೇ ನೋಡಿದೆ. ಮೂಟೆಯ ಬಾಯಿಯನ್ನು ಅಜ್ಜಿ ಹಲ್ಲಿನಿಂದ ಏಕೆ ಕಟ್ಟುತ್ತಿದ್ದಳು? ಅವಳು ಚಿವುಟುತ್ತಿದ್ದದ್ದು ಹೆಬ್ಬೆಟ್ಟಿನಿಂದ ಅಲ್ಲವೇ ಅಲ್ಲ, ತೋರುಬೆರಳು ನಡುಬೆರಳುಗಳ ಗೆಣ್ಣಿನ ನಡುವೆ ಹಿಡಿದು. ಅಷ್ಟು ಉರಿಯುತ್ತಿದ್ದದ್ದೇ ಅದಕ್ಕೆ. ನೋವೇ ಇತ್ತೋ, ಇದ್ದ ನೋವಿನಿಂದ ನಾಲ್ಕು ಕಾಳು ಲಾಭವನ್ನೂ ಮಾಡಿಕೊಂಡಳೋ? ನಮ್ಮಜ್ಜಿಯನ್ನು ಬಲ್ಲ ನಾನು ಹೇಳುವುದಾದರೆ ಎರಡೂ ಇದ್ದೀತು. ಆದರೆ ಇಷ್ಟು ವರ್ಷ ಕಥೆ ಹೇಳುವಾಗ ನಾನು ಮಾರಿದ್ದು ಒಂದನ್ನೇ, ಮೋಸವನ್ನು.

"ಸುಳ್ಳು" ಎಂದಿತು ಮಗು, ಕಣ್ಣು ಕಿರಿದು ಮಾಡಿ. "ಬೆಳಿಗ್ಗೆ ನನ್ನ ಜಡೆ ಎಳೆದು ಕಟ್ಟಿದ್ಯಲ್ಲ!"

ಸಾಕ್ಷಿ ಬಲವಾಗಿತ್ತು, ಚೌಕಾಸಿಗೆ ದಾರಿಯಿರಲಿಲ್ಲ. ಪಾವನ್ನು ಎಡಗೈಗೆ ದಾಟಿಸಿದೆ. ಪಾತ್ರೆಯ ಅಕ್ಕಿಯನ್ನು ಡಬ್ಬಕ್ಕೆ ಸುರಿದು, ಹಲ್ಲು ಕಡಿಯುತ್ತ, ಮೊದಲಿನಿಂದ ಶುರುಮಾಡಿದೆ: "ಲಾಭ."