ಅಕ್ಕನಿಗೆ ಮದುವೆಯಾದ ಮೇಲೆ

ಅಪ್ಪ ಚಾರಿತ್ರಿಕ ಕಾದಂಬರಿಗಳನ್ನು ಬರೆಯುತ್ತಿದ್ದವರು. ಬೆಂಗಳೂರಿಗೆ ಕರೆಸಿಕೊಂಡು, ಶಾಲು ಹೊದಿಸಿ ದೊಡ್ಡ ಪ್ರಶಸ್ತಿಯನ್ನೇ ಕೊಟ್ಟಿದ್ದಾರೆ. ಮೊಗ್ರಾಲಿನ ನಮ್ಮ ಮನೆಯ ಗೋಡೆಯಲ್ಲಿ ಆ ಪ್ರಶಸ್ತಿಯ ಫಲಕ ಈಗಲೂ ಇದೆ, ಉಪ್ಪುಗಾಳಿಗೆ ಕಪ್ಪಾಗಿದೆ. ಊರಿನವರಿಗೆ ಮಾತ್ರ ಅವರು ಕನ್ನಡ ಮಾಸ್ಟ್ರು, ಅಷ್ಟೇ. ಮನೆಮಾತು ತುಳುವಾದರೂ ನನ್ನ ಹತ್ತಿರ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು.

ಇಲ್ಲದ್ದನ್ನು ಬರೆಯಬಾರದೆಂಬುದು ಅಪ್ಪನ ಹಟ. ಕೋಟೆ ಕಾಯುವ ಸೈನಿಕನ ಸಾರಿಗೆ ಮೆಣಸಿನಕಾಯಿ ಹಾಕಬಹುದೇ, ಆ ಕಾಲಕ್ಕೆ ಅದು ನಮ್ಮಲ್ಲಿಗೆ ಬಂದಿತ್ತೇ, ಕಾಳುಮೆಣಸೇ ಆಗಬೇಕೇ ಎಂದು ತಲೆಕೆಡಿಸಿಕೊಂಡು, ಒಂದು ಅಧ್ಯಾಯವನ್ನು ಮಳೆಗಾಲವಿಡೀ ನಿಲ್ಲಿಸಿದ್ದರು. ಅಷ್ಟರಲ್ಲಿ ಆ ಸೈನಿಕ ಹಸಿವಿನಿಂದ ಸತ್ತೇ ಹೋಗಿರಬೇಕು ಎಂದು ಅಮ್ಮ ಗೇಲಿ ಮಾಡುತ್ತಿದ್ದಳು.

ಅಂಥ ಅಪ್ಪನ ಪ್ರತಿಯೊಂದು ಕಾದಂಬರಿಯಲ್ಲೂ ಯಾವ ದಾಖಲೆಯಲ್ಲೂ ಇಲ್ಲದ ಒಬ್ಬಳು ಹುಡುಗಿ ಇರುತ್ತಿದ್ದಳು. ಮೊದಲನೆಯದರಲ್ಲಿ ಅವಳು ಅಜ್ಜಿಯ ಸೆರಗು ಹಿಡಿದು ಕೋಟೆಬಾಗಿಲಲ್ಲಿ ನಿಂತ ಮಗು. ಮುಂದಿನದರಲ್ಲಿ ಬಾವಿಯಿಂದ ನೀರು ಸೇದುವಷ್ಟು ದೊಡ್ಡವಳು. ಪ್ರಶಸ್ತಿ ಬಂದ ಕಾದಂಬರಿಯಲ್ಲಿ ಉಪ್ಪು ಮಾರುವ ತರುಣಿ. ಹೆಸರುಗಳು ಬೇರೆ ಬೇರೆ, ಎಡ ಹುಬ್ಬಿನ ಮೇಲಿನ ಮಚ್ಚೆ ಮಾತ್ರ ಒಂದೇ. ಅದು ನನ್ನ ಅಕ್ಕ. ನಾನು ಹುಟ್ಟುವ ಮೊದಲೇ, ಮಾತು ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲಿ, ಜ್ವರ ಬಂದು ತೀರಿಕೊಂಡವಳು.

ಅಪ್ಪ ಕೈಯಲ್ಲಿ ಬರೆದದ್ದನ್ನು ಸಂಜೆ ಹೊತ್ತು ಟೈಪ್ ಮಾಡುತ್ತಿದ್ದವಳು ನಾನು. ಹಾಗಾಗಿ ಅಕ್ಕ ಬೆಳೆದದ್ದು ನನ್ನ ಕಣ್ಣೆದುರಿಗೇ. ನಮ್ಮ ಮೂವರಿಗೂ ಇದು ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಅಪ್ಪನ ಯಾವ ಪುಸ್ತಕದಲ್ಲೂ ನಾನಿಲ್ಲ.

ನನಗೋ ಮದುವೆ ಕೂಡಿಬರುತ್ತಿರಲಿಲ್ಲ. ನೋಡಿ ಹೋದವರು ಮತ್ತೆ ಫೋನ್ ಎತ್ತುತ್ತಿರಲಿಲ್ಲ. ನಿಶ್ಚಯದವರೆಗೆ ಬಂದಿದ್ದ ಗಲ್ಫಿನ ಸಂಬಂಧವೊಂದು, ಹುಡುಗನ ಅಜ್ಜಿ ತೀರಿಕೊಂಡ ನೆಪದಲ್ಲಿ ಮುರಿದುಬಿತ್ತು. ಕೊನೆಗೆ ಅಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಅವರು ಕವಡೆ ಸರಿಸಿ ಹೇಳಿದ್ದು ನಮ್ಮ ಕಡೆಯವರಿಗೆಲ್ಲ ಪರಿಚಯದ ಮಾತೇ. ಚಿಕ್ಕಂದಿನಲ್ಲಿ ತೀರಿಹೋದ ಹಿರಿಮಗಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾಳೆ, ಅವಳನ್ನು ದಾಟಿ ಕಿರಿಯವಳಿಗೆ ಮದುವೆಯಿಲ್ಲ. ಹಾಗೆಯೇ ತೀರಿಹೋದ ಒಬ್ಬ ಹುಡುಗನನ್ನು ಹುಡುಕಿ, ಬದುಕಿದ್ದವರ ಮದುವೆಗಳು ನಡೆಯದ ಮಳೆಗಾಲದ ಆಟಿ ತಿಂಗಳಲ್ಲಿ ಇಬ್ಬರಿಗೂ ಪ್ರೇತ ಮದುವೆ ಮಾಡಿಸಬೇಕು.

ಅಪ್ಪ ಒಪ್ಪಲಿಲ್ಲ. ಮೂಢನಂಬಿಕೆಯ ಬಗ್ಗೆ ಊಟದ ಹೊತ್ತಿನಲ್ಲಿ ದೊಡ್ಡ ಭಾಷಣವೇ ಆಯಿತು. ಆಗ ಹೊಸ ಕಾದಂಬರಿ ಅರ್ಧಕ್ಕೆ ಬಂದಿತ್ತು. ಅದರಲ್ಲಿ ಅವಳು ಹೊಳೆಯ ಕಡವಿನಲ್ಲಿ ದೋಣಿ ಕಾಯುತ್ತ ನಿಂತಿದ್ದಳು. ಅಪ್ಪ ಯಾಕೆ ಹಿಂಜರಿಯುತ್ತಿದ್ದಾರೆಂದು ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಬರೆಯುವಾಗ ಅವಳು ಬದುಕಿದ್ದಾಳೆ. ನನ್ನ ಮದುವೆಯ ಮಾತು ಬಂದಾಗ ಮಾತ್ರ ಸತ್ತು ಹೋದದ್ದಾ?" ಎಂದೆ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ, ಅಕ್ಕನಿಗೆ ಗಂಡು ಹುಡುಕು ಎಂದು ಅಮ್ಮನಿಗೆ ಹೇಳಿದರು.

ಬದಿಯಡ್ಕದ ಕಡೆ ಒಂದು ಮನೆ ಸಿಕ್ಕಿತು. ಅವರ ಮಗ ಶಾಲೆಗೆ ಹೋಗುವ ಕಾಲದಲ್ಲಿ ಕೆರೆಗೆ ಬಿದ್ದು ತೀರಿಕೊಂಡವನು. ಅಪ್ಪ ಬದುಕಿರುವ ಅಳಿಯನನ್ನು ವಿಚಾರಿಸುವಂತೆಯೇ ವಿಚಾರಿಸಿದರು. ಓದಿನಲ್ಲಿ ಹೇಗಿದ್ದ, ಸ್ವಭಾವ ಎಂಥದ್ದು, ಕೋಪ ಇತ್ತೇ ಎಂದೆಲ್ಲ ಕೇಳಿದರು. ಪಾಪದವನು, ಮಾತು ಕಮ್ಮಿ ಎಂದು ಆ ತಾಯಿ ಹೇಳಿದಾಗ ಅಪ್ಪನಿಗೆ ಸಮಾಧಾನವಾದದ್ದು ಮುಖದಲ್ಲೇ ಕಾಣಿಸಿತು. ಸೀರೆಯನ್ನು ಕಾಸರಗೋಡಿನಲ್ಲಿ ಅವರೇ ಆರಿಸಿದರು. ಯಾರಿಗೆ ಎಂದು ಅಂಗಡಿಯವರು ಕೇಳಿದ್ದಕ್ಕೆ ದೊಡ್ಡ ಮಗಳಿಗೆ ಎಂದರು.

ಆಟಿಯ ಒಂದು ಸಂಜೆ, ಮಳೆ ಸುರಿಯುತ್ತಿರುವಾಗ, ಹುಡುಗನ ಮನೆಯಲ್ಲಿ ಮದುವೆಯಾಯಿತು. ಎರಡು ಮಣೆಗಳು. ಒಂದರ ಮೇಲೆ ಮುಂಡು, ಅಂಗಿ. ಇನ್ನೊಂದರ ಮೇಲೆ ನಾವು ಒಯ್ದ ಸೀರೆ, ಬಳೆ, ಮಲ್ಲಿಗೆ, ಕರಿಮಣಿ. ಧಾರೆ ಎರೆಯುವಾಗ ಅಪ್ಪ ಚೊಂಬು ಖಾಲಿಯಾಗುವವರೆಗೆ ಸುರಿದು ಸೀರೆಯೆಲ್ಲ ಒದ್ದೆಯಾಯಿತು. ಉಂಡೆವು, ಒಬ್ಬರನ್ನೊಬ್ಬರು ಬೀಗರೆಂದು ಕರೆದೆವು. ಸೀರೆ, ಬಳೆಗಳನ್ನು ಅಲ್ಲಿಯೇ ಬಿಟ್ಟು, ಖಾಲಿ ಚೀಲ ಮಡಚಿಕೊಂಡು ಬಂದೆವು.

ಮರುದಿನ ಸಂಜೆ ಕಂಪ್ಯೂಟರ್ ಮುಂದೆ ಕುಳಿತೆ. ಹಾಳೆಗಳು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಯಾಕೆಂದು ಕೇಳಿದೆ.

"ಅವಳು ಇನ್ನು ಅವರ ಮನೆಯವಳಲ್ವಾ? ಅವರನ್ನು ಕೇಳದೆ ನಾನು ಅವಳನ್ನು ದೋಣಿ ಹತ್ತಿಸುವುದು ಹೇಗೆ?" ಎಂದರು ಅಪ್ಪ.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಪ್ರಕಾಶಕರು ಫೋನ್ ಮಾಡಿದಾಗಲೆಲ್ಲ ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು. ಪೇಪರನ್ನು ಮಾತ್ರ ಮೊದಲಿನಂತೆಯೇ ಪೂರ್ತಿ ಓದುತ್ತಿದ್ದರು.

ಆ ಚಳಿಗಾಲದಲ್ಲೇ ನನಗೆ ಸಂಬಂಧ ಕೂಡಿಬಂತು. ಜೋಯಿಸರ ಮಾತು ಸುಳ್ಳಾಗಲಿಲ್ಲವೆಂದು ಅಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಅಪ್ಪ ನನ್ನ ಮದುವೆಯಲ್ಲಿ ಪಂಕ್ತಿಯ ನಡುವೆ ಓಡಾಡಿ ಎಲ್ಲರಿಗೂ ಪಾಯಸ ಬಡಿಸಿದರು. ಅಂದು ಹಟ ಹಿಡಿದದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ, ನನಗೂ ಒಂದು ಬಾಳು ಬೇಕಿತ್ತು. ಆದರೆ ದುಃಖವಿದೆ. ನನಗೊಂದು ಮನೆಯಾಗುವಾಗ ಅಪ್ಪನ ಮೇಜು ಬರಿದಾಯಿತು.

ಮದುವೆಯಾದ ಹೆಣ್ಣು ಮೊದಲ ಆಟಿಗೆ ತವರಿಗೆ ಬರುವುದು ನಮ್ಮಲ್ಲಿ ಪದ್ಧತಿ. ನಾನೂ ಬಂದೆ. ಹೆದ್ದಾರಿಯಲ್ಲಿ ಬಸ್ಸಿಳಿದು ಆಟೊ ಮಾಡಿಕೊಂಡು ಬರುವಾಗ ಅಪ್ಪ ಜಗಲಿಯಲ್ಲೇ ಕಾಯುತ್ತಿದ್ದರು. ಒಳಗೆ ಅವರ ಮೇಜು ಕಾಣಿಸಿತು. ಧೂಳು ಒರೆಸಿ, ಹೊಸ ಹಾಳೆಗಳನ್ನೂ ಪೆನ್ನನ್ನೂ ಇಟ್ಟಿದ್ದರು. ಮತ್ತೆ ಬರೆಯುತ್ತಾರೆಂದು ನನಗೆ ಹೇಳಲಾರದಷ್ಟು ಖುಷಿಯಾಯಿತು.

ಅಪ್ಪ ಅಂಗಳಕ್ಕಿಳಿದು ನನ್ನ ಬ್ಯಾಗು ತೆಗೆದುಕೊಂಡರು. ಆಟೊ ತಿರುಗಿ ಹೋಗುವವರೆಗೂ ಅದರ ಹಿಂದಿನ ಸೀಟನ್ನೇ ನೋಡುತ್ತಿದ್ದರು.

"ನೀನೊಬ್ಬಳೇ ಬಂದದ್ದಾ?"

ಅಕ್ಕನಿಗೂ ಇದು ಮೊದಲ ಆಟಿ ಎಂಬುದು ಆಗ ನನಗೆ ಹೊಳೆಯಿತು. ಹೌದು ಎಂದೆ. ಅಪ್ಪ ಒಳಗೆ ಹೋಗಿ ಹಾಳೆಗಳನ್ನು ತೆಗೆದು ಕಪಾಟಿನಲ್ಲಿಟ್ಟರು.